ಡಬ್ಲ್ಯುಎಚ್‌ಒ, ಟೆಡ್ರೋಸ್ ಕಾಲದ ಸೇವೆ: ಐದಕ್ಕೆ ಎರಡೂವರೆ ಸ್ಟಾರ್

ಮಿಕ್ಸಿಗೆ, ಮಸಾಲೆದೋಸೆಗೆ ಎಲ್ಲ ರಿವ್ಯೂ ಬರೆಯುತ್ತೇವೆ. ನಮ್ಮ ದೇಶವೂ ವರ್ಷಾ ವರ್ಷಾ ವಂತಿಗೆ ಕಟ್ಟುವ ವಿಶ್ವ ಆರೋಗ್ಯ ಸಂಸ್ಥೆಗೆ ಯಾಕೆ ಬರೆಯಬಾರದು? 2017ರ ಜುಲೈನಿಂದ ಅದರ ಗಲ್ಲಾ ಮೇಲೆ, ಅಂದರೆ ಮಹಾನಿರ್ದೇಶಕರ ಕುರ್ಚಿಯಲ್ಲಿ ಕೂತಿರುವವರು ಇಥಿಯೋಪಿಯಾದ ಟೆಡ್ರೋಸ್ ಅಧಾನೊಮ್ ಗೆಬ್ರೆಯೇಸಸ್.

ಮೊದಲು ಎಲ್ಲರೂ ಎತ್ತುವ ತಕರಾರು. ‘ಅವರು ಡಾಕ್ಟರೇ ಅಲ್ಲ.’ ನಿಜ, ಎಂಬಿಬಿಎಸ್ ಓದಿಲ್ಲ, ಆ ಕುರ್ಚಿಗೆ ಬಂದವರಲ್ಲಿ ವೈದ್ಯರಲ್ಲದವರು ಇವರೇ ಮೊದಲು. ಆದರೆ ಹೆಸರಿನ ಮುಂದಿನ ‘ಡಾ.’ ಸುಮ್ನೆ ಅಂಟಿಸಿಕೊಂಡದ್ದಲ್ಲ. ಅಸ್ಮಾರಾದಲ್ಲಿ ಬಯಾಲಜಿ ಡಿಗ್ರಿ, ಲಂಡನ್ನಿನಲ್ಲಿ ಸೋಂಕು ರೋಗಗಳ ಇಮ್ಯುನಾಲಜಿ ಎಂಎಸ್‌ಸಿ, 2000ದಲ್ಲಿ ನಾಟಿಂಗ್‌ಹ್ಯಾಮ್‌ನಿಂದ ಪಿಎಚ್‌ಡಿ. 2005ರಿಂದ 2012ರವರೆಗೆ ಇಥಿಯೋಪಿಯಾದ ಆರೋಗ್ಯ ಮಂತ್ರಿ. ಆಗ ಹಳ್ಳಿಹಳ್ಳಿಗೆ ಆರೋಗ್ಯ ಕಾರ್ಯಕರ್ತೆಯರು ಬಂದರು, ಮೂವತ್ತು ಸಾವಿರಕ್ಕೂ ಜಾಸ್ತಿ. ನಮ್ಮ ಆಶಾ ಅಕ್ಕಂದಿರ ಥರ, ಆದರೆ ಸರ್ಕಾರಿ ಸಂಬಳದ ಮೇಲೆ. (ನಮ್ಮವರು ಗೌರವಧನ ಹೆಚ್ಚಿಸಿ ಅಂತ ಇನ್ನೂ ಬೀದಿಯಲ್ಲಿ ಕೂರುತ್ತಾರೆ, ಅದು ಬೇರೆ ಮಾತು.)

ಇನ್ನೊಂದು. ಇವರ ಹಿಂದೆ ಇದ್ದ ಮಾರ್ಗರೆಟ್ ಚಾನ್ ಅಪ್ಪಟ ಡಾಕ್ಟರ್. 2014ರ ಮಾರ್ಚ್‌ನಲ್ಲೇ ಗಿನಿಯಲ್ಲಿ ಎಬೋಲಾ ಅಂತ ಗೊತ್ತಾಯಿತು, ಜಾಗತಿಕ ಆರೋಗ್ಯ ತುರ್ತು ಪರಿಸ್ಥಿತಿ ಘೋಷಿಸಿದ್ದು ಆಗಸ್ಟ್ 8ಕ್ಕೆ. ಪಶ್ಚಿಮ ಆಫ್ರಿಕಾದಲ್ಲಿ 11,000ಕ್ಕೂ ಹೆಚ್ಚು ಜನ ಸತ್ತರು. ಹಾಗಾಗಿ ಡಿಗ್ರಿ ವಿಷಯಕ್ಕೆ ನಾನು ಒಂದು ಸ್ಟಾರೂ ಕಳೆಯುವುದಿಲ್ಲ.

ಕಳೆಯುವುದು ಮುಲಾಜಿಗೆ. ಈ ಮನುಷ್ಯನಿಗೆ ಸರ್ಕಾರಗಳ ಮುಲಾಜು ಜಾಸ್ತಿ.

2017ರಲ್ಲಿ ಈ ಹುದ್ದೆಗೆ ನಡೆದ ಚುನಾವಣೆಗೆ ಮುಂಚೆಯೇ ಈ ಮಾತು ಬಂದಿತ್ತು. ಇಥಿಯೋಪಿಯಾದಲ್ಲಿ ಕಾಲರಾ ಬಂದಾಗ ಅದನ್ನು ಕಾಲರಾ ಅನ್ನದೆ ‘ತೀವ್ರ ಭೇದಿ’ ಎಂದೇ ಬರೆದರು ಎಂಬ ಆರೋಪ. ಅವರು ಒಪ್ಪಲಿಲ್ಲ, ಇದು ಎದುರಾಳಿ ಕಡೆಯವರ ಕೆಲಸ ಎಂದರು. ಇರಬಹುದು. ಆದರೆ ಕಾಯಿಲೆಗೆ ಮೆತ್ತಗಿನ ಹೆಸರಿಡುವ ಆಟ ನಮಗೇನು ಹೊಸದಾ? ಅದೇ ವರ್ಷದ ಅಕ್ಟೋಬರ್‌ನಲ್ಲಿ ಜಿಂಬಾಬ್ವೆಯ ಸರ್ವಾಧಿಕಾರಿ ಮುಗಾಬೆಯನ್ನು ಸಂಸ್ಥೆಯ ಸದ್ಭಾವನಾ ರಾಯಭಾರಿ ಮಾಡಿದರು. ಯಾರನ್ನು, ಮುಗಾಬೆಯನ್ನು! ಎಲ್ಲ ಕಡೆಯಿಂದ ಉಗಿಸಿಕೊಂಡ ಮೇಲೆ ಕೆಲವೇ ದಿನಗಳಲ್ಲಿ ವಾಪಸ್.

ಆಮೇಲೆ ಕೋವಿಡ್. 2020ರ ಜನವರಿ 14ಕ್ಕೆ ಸಂಸ್ಥೆಯ ಟ್ವೀಟ್: ಮನುಷ್ಯರಿಂದ ಮನುಷ್ಯರಿಗೆ ಹರಡುತ್ತದೆ ಎನ್ನಲು ಸ್ಪಷ್ಟ ಪುರಾವೆ ಚೀನಾದವರ ಪ್ರಾಥಮಿಕ ತನಿಖೆಯಲ್ಲಿ ಸಿಕ್ಕಿಲ್ಲ. 28ಕ್ಕೆ ಬೀಜಿಂಗ್‌ನಲ್ಲಿ ಷಿ ಜಿನ್‌ಪಿಂಗ್ ಜೊತೆ ಹಸ್ತಲಾಘವ, ಜೊತೆಗೆ ಹೊಗಳಿಕೆ. ತುರ್ತು ಪರಿಸ್ಥಿತಿ ಘೋಷಣೆ 30ಕ್ಕೆ. ನ್ಯೂಜಿಲೆಂಡಿನ ಮಾಜಿ ಪ್ರಧಾನಿ ಹೆಲೆನ್ ಕ್ಲಾರ್ಕ್ ಮತ್ತು ಲೈಬೀರಿಯಾದ ಮಾಜಿ ಅಧ್ಯಕ್ಷೆ ಎಲೆನ್ ಜಾನ್ಸನ್ ಸರ್ಲೀಫ್ ಅವರ ಸ್ವತಂತ್ರ ಸಮಿತಿ ಆಮೇಲೆ ಹೇಳಿದ್ದು, 22ಕ್ಕೇ ಘೋಷಿಸಬಹುದಿತ್ತು ಅಂತ. ಆದರೆ ಆ ಘೋಷಣೆ ಆದಮೇಲೂ ಎಷ್ಟೋ ದೇಶಗಳು ಫೆಬ್ರವರಿ ಪೂರ್ತಿ ಕೈಕಟ್ಟಿ ಕೂತವು, ಅದನ್ನೂ ಅದೇ ಸಮಿತಿ ಬರೆದಿದೆ.

ನನಗೆ ಇದಕ್ಕಿಂತ ಜಾಸ್ತಿ ಸಿಟ್ಟು ಬರುವುದು ಮಾರ್ಚ್ 28ರ ಪೋಸ್ಟ್‌ಗೆ. ‘ಫ್ಯಾಕ್ಟ್’ ಎಂದು ಕ್ಯಾಪಿಟಲ್ ಅಕ್ಷರದಲ್ಲಿ ಹಾಕಿ, ಕೋವಿಡ್ ಗಾಳಿಯಲ್ಲಿ ಹರಡುವುದಿಲ್ಲ ಎಂದು ಬರೆದರು. ‘ಇಲ್ಲ’ ಕೂಡ ಕ್ಯಾಪಿಟಲ್. ಇನ್ನೂ ಗೊತ್ತಿಲ್ಲ ಅಂದಿದ್ದರೆ ಸಾಕಿತ್ತು, ಅಲ್ವಾ? ಜುಲೈನಲ್ಲಿ 239 ವಿಜ್ಞಾನಿಗಳು ಸೇರಿ, ಗಾಳಿಯ ಕಡೆಗೂ ಸ್ವಲ್ಪ ನೋಡಿ ಎಂದು ಬಹಿರಂಗ ಪತ್ರ ಬರೆಯಬೇಕಾಯಿತು. ಆ ದಿನಗಳಲ್ಲಿ ನಮ್ಮನೆಯಲ್ಲಿ ಹಾಲಿನ ಪ್ಯಾಕೆಟ್ಟಿಗೆ ಸೋಪು ಹಚ್ಚಿ, ನಲ್ಲಿ ಕೆಳಗೆ ಹಿಡಿದು, ಬಟ್ಟೆಯಲ್ಲಿ ಒರೆಸಿ ಆಮೇಲೆ ಒಡೆಯುತ್ತಿದ್ದೆವು. ಕಿಟಕಿ ಮಾತ್ರ ಭದ್ರವಾಗಿ ಮುಚ್ಚಿರುತ್ತಿತ್ತು. ಅದು ನಮ್ಮದೇ ಬುದ್ಧಿ, ಅದಕ್ಕೆ ಯಾರನ್ನೂ ದೂರುವುದಿಲ್ಲ.

ಇನ್ನೂ ಕೆಟ್ಟದ್ದು ಕಾಂಗೋ. 2018ರಿಂದ 2020ರ ಎಬೋಲಾ ಕೆಲಸದ ವೇಳೆ ಅಲ್ಲಿನ ಹೆಂಗಸರ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದ 83 ಆರೋಪಿಗಳನ್ನು 2021ರಲ್ಲಿ ಸ್ವತಂತ್ರ ಆಯೋಗ ಗುರುತಿಸಿತು. ಅದರಲ್ಲಿ 21 ಜನ ಸಂಸ್ಥೆಯೇ ಕೆಲಸಕ್ಕೆ ತಗೊಂಡವರು. ಆ ಸಮಯದಲ್ಲಿ ಟೆಡ್ರೋಸ್ 14 ಸಲ ಕಾಂಗೋಗೆ ಹೋಗಿದ್ದರು. ಯಾರೂ ನನಗೆ ಹೇಳಲಿಲ್ಲ ಎಂದರು, ಕ್ಷಮೆ ಕೇಳಿದರು. ಇಲ್ಲಿ ಪೂರ್ತಿ ಒಂದು ಸ್ಟಾರ್ ಕಟ್.

ಅವರ ಪರವಾಗಿ ಒಂದು ಮಾತು. ಆ ಕುರ್ಚಿ ಹಲ್ಲಿಲ್ಲದ ಹಾವು. ದೇಶ ಒಪ್ಪದಿದ್ದರೆ ತನಿಖೆಗೆ ಒಳಗೆ ಕಾಲಿಡುವಂತಿಲ್ಲ. ಬಜೆಟ್ಟಿನ ಹೆಚ್ಚು ಪಾಲು ದಾನಿಗಳು ಇಂಥದ್ದಕ್ಕೇ ಖರ್ಚು ಮಾಡಿ ಎಂದು ಹೇಳಿ ಕೊಡುವ ದುಡ್ಡು. ಹಾಗಿದ್ದರೂ 2021ರ ಮಾರ್ಚ್‌ನಲ್ಲಿ, ಕೋವಿಡ್ ಎಲ್ಲಿಂದ ಬಂತು ಎಂದು ಹುಡುಕಿದ ವುಹಾನ್ ವರದಿ ಬಂದಾಗ, ವೈರಸ್ ಲ್ಯಾಬಿನಿಂದ ಸೋರಿರಬಹುದಾದ ಸಾಧ್ಯತೆಯ ಬಗ್ಗೆ ಇನ್ನೂ ತನಿಖೆ ಬೇಕು ಎಂದು ತಮ್ಮದೇ ತಂಡದ ಮಾತು ದಾಟಿ ಹೇಳಿದರು. ಚೀನಾಕ್ಕೆ ಅದು ಹಿಡಿಸಲಿಲ್ಲ.

ಇನ್ನು ಆ ಅರ್ಧ ಸ್ಟಾರ್. 2022ರ ಜುಲೈನಲ್ಲಿ ಮಂಕಿಪಾಕ್ಸ್ ತುರ್ತು ಪರಿಸ್ಥಿತಿಯೇ ಎಂದು ತಜ್ಞರ ಸಮಿತಿಯಲ್ಲಿ ಕೇಳಿದರು. ಬೇಡ ಅಂದವರು 9, ಬೇಕು ಅಂದವರು 6. ಇವರು ಕಾಯುತ್ತ ಕೂರದೆ, ತಾವೇ ಜವಾಬ್ದಾರಿ ಹೊತ್ತು ಘೋಷಿಸಿದರು. ಅದಕ್ಕೆ.