ಯೀಸ್ಟ್ ಮತ್ತು ನೇರಳಾತೀತ ಕಿರಣ: ಪ್ರಯೋಗಾಲಯ ಕಿಟ್ ಒಂದರ ವಿಮರ್ಶೆ

ನೇರಳಾತೀತ ಕಿರಣ ಬಿದ್ದರೆ ಉತ್ಪರಿವರ್ತನೆಯಾಗುತ್ತದೆ (ಡಿಎನ್‌ಎಯಲ್ಲಿ ಶಾಶ್ವತ ಬದಲಾವಣೆಯಾಗುತ್ತದೆ) ಎಂಬ ಪಠ್ಯಪುಸ್ತಕದ ಮಾತು ಅರ್ಧ ಸತ್ಯವೆಂಬುದನ್ನು ಪದವಿ ವಿದ್ಯಾರ್ಥಿಗಳಿಗೆ ಕಣ್ಣಾರೆ ತೋರಿಸಿಕೊಡುವುದೇ ಈ ಕಿಟ್‌ನ ದೊಡ್ಡ ಗುಣ. ಇದರಲ್ಲಿ ಬೇಕರಿ ಯೀಸ್ಟ್‌ನ ಮೂರು ತಳಿಗಳಿವೆ: ಸಹಜ ತಳಿ, ರ‍್ಯಾಡ್1 ಜೀನ್ ಇಲ್ಲದ ತಳಿ ಮತ್ತು ರೆವ್3 ಜೀನ್ ಇಲ್ಲದ ತಳಿ. ಇವುಗಳ ಜೊತೆಗೆ ಕೆನಾವನಿನ್ ಬೆರೆಸಿದ, ಅರ್ಜಿನಿನ್ ಎಂಬ ಅಮೈನೊ ಆಮ್ಲ ಇಲ್ಲದ ಮಾಧ್ಯಮವನ್ನೂ ಕೊಟ್ಟಿದ್ದಾರೆ. ಕೆನಾವನಿನ್ ವಿಷವು ಅರ್ಜಿನಿನ್ ಸಾಗುವ ದಾರಿಯಲ್ಲೇ ಕೋಶದೊಳಗೆ ಹೋಗುವುದರಿಂದ, ಆ ದಾರಿಯನ್ನು ರೂಪಿಸುವ ಕ್ಯಾನ್1 ಜೀನ್ ಕೆಟ್ಟ ಕೋಶಗಳು ಮಾತ್ರ ಬದುಕಿ ಕಾಲೊನಿ ಕಟ್ಟುತ್ತವೆ.

254 ನ್ಯಾನೊಮೀಟರ್ ದೀಪದ ಕೆಳಗೆ ಡಿಎನ್‌ಎಯ ಅಕ್ಕಪಕ್ಕದ ಪಿರಿಮಿಡಿನ್‌ಗಳು (ಥೈಮಿನ್, ಸೈಟೊಸಿನ್ ಎಂಬ ಘಟಕಗಳು) ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ರ‍್ಯಾಡ್1 ಪ್ರೋಟೀನು ರ‍್ಯಾಡ್10 ಜೊತೆಗೂಡಿ ಹಾನಿಯಾದ ತುಣುಕನ್ನು ತೆಗೆದುಹಾಕಲೆಂದು ಅದರ ಪಕ್ಕದಲ್ಲಿ ಎಳೆಯನ್ನು ಕತ್ತರಿಸುವುದರಿಂದ, ಅದಿಲ್ಲದ ತಳಿ ಅತ್ಯಲ್ಪ ಕಿರಣಕ್ಕೇ ಸಾಯುತ್ತದೆ. ಉಳಿದ ಕೋಶಗಳಲ್ಲಿಯೂ ಉತ್ಪರಿವರ್ತನೆಯ ಪ್ರಮಾಣ ಅಷ್ಟೇ ಕಿರಣ ಬಿದ್ದ ಸಹಜ ತಳಿಗಿಂತ ಹೆಚ್ಚು. ನಿಜವಾದ ಪಾಠ ಇರುವುದು ರೆವ್3 ತಟ್ಟೆಯಲ್ಲಿ. ಆ ತಳಿ ಕಿರಣಕ್ಕೆ ಸಹಜ ತಳಿಗಿಂತ ಸ್ವಲ್ಪ ಹೆಚ್ಚು ಸಾಯುತ್ತದಾದರೂ, ಕೆನಾವನಿನ್ ತಟ್ಟೆಯ ಮೇಲೆ ಕಿರಣದಿಂದ ಹುಟ್ಟಿದ ಹೊಸ ಕಾಲೊನಿಗಳು ಕಾಣುವುದೇ ಅಪರೂಪ. ರ‍್ಯಾಡ್6 ಮತ್ತು ರ‍್ಯಾಡ್18 ಪ್ರೋಟೀನುಗಳು ನಕಲು ಮಾಡುವ ಕಿಣ್ವವನ್ನು ಡಿಎನ್‌ಎಗೆ ಹಿಡಿದಿಡುವ ಪಿಸಿಎನ್‌ಎ ಎಂಬ ಪ್ರೋಟೀನಿಗೆ ಯುಬಿಕ್ವಿಟಿನ್ ಎಂಬ ಪುಟ್ಟ ಪ್ರೋಟೀನನ್ನು ಅಂಟಿಸಿದ ಮೇಲೆ, ರೆವ್1 ನೆರವಿನಿಂದ ಪಾಲಿಮರೇಸ್ ಜೀಟಾ, ಅಂದರೆ ರೆವ್3 ಮತ್ತು ರೆವ್7 ಕೂಡಿದ ಕಿಣ್ವ, ಹಾನಿಯನ್ನು ದಾಟಿ ನಕಲನ್ನು ಮುಂದುವರಿಸುತ್ತದೆ. ಬಹುಪಾಲು ಉತ್ಪರಿವರ್ತನೆ ಹುಟ್ಟುವುದು ಈ ದಾಟುವಿಕೆಯಲ್ಲೇ. ರೆವ್ ಜೀನ್‌ಗಳ ದೋಷವಿರುವ ತಳಿಗಳನ್ನು ಲೆಮಾಂಟ್ ಎಂಬ ಸಂಶೋಧಕರು 1971ರಲ್ಲಿ ವರದಿ ಮಾಡಿದ್ದರು. ಅಷ್ಟು ಮುಖ್ಯವಾದ ಸಂಗತಿ ಇಂದು ಒಂದು ತಟ್ಟೆಯಲ್ಲಿ ಕಾಣುವುದು ನನಗೆ ಬಹಳ ಸಂತೋಷ ಕೊಟ್ಟಿತು.

ಕೈಪಿಡಿ ಮಾತ್ರ ಈ ಮಟ್ಟಕ್ಕೆ ಏರಿಲ್ಲ. ಕಿರಣ ಬಿದ್ದ ಕೂಡಲೇ ತಟ್ಟೆಗಳನ್ನು ಕತ್ತಲಲ್ಲಿಡದಿದ್ದರೆ ಪಿಎಚ್ಆರ್1 ಜೀನ್‌ನ ಫೋಟೊಲಯೇಸ್ ಕಿಣ್ವ ಸಾಮಾನ್ಯ ಬೆಳಕನ್ನೇ ಬಳಸಿ ಬೆಸುಗೆಯನ್ನು ಬಿಡಿಸಿಬಿಡುತ್ತದೆ. ಈ ಎಚ್ಚರಿಕೆ ಕೈಪಿಡಿಯ ಕೊನೆಯ ಪುಟದಲ್ಲಿ ಒಂದೇ ಸಾಲಿನಲ್ಲಿದೆ. ಫಲಿತಾಂಶದ ಕೋಷ್ಟಕವೂ ನಿರೋಧಕ ಕಾಲೊನಿಗಳ ಸಂಖ್ಯೆಯನ್ನಷ್ಟೇ ಕೇಳುತ್ತದೆ. ಬದುಕುಳಿದ ಕೋಶಗಳ ಸಂಖ್ಯೆಯಿಂದ ಅದನ್ನು ಭಾಗಿಸದಿದ್ದರೆ ರ‍್ಯಾಡ್1 ತಳಿಯಲ್ಲಿ ಉತ್ಪರಿವರ್ತನೆ ಕಡಿಮೆಯೆಂಬ ತಲೆಕೆಳಗಾದ ತೀರ್ಮಾನಕ್ಕೆ ವಿದ್ಯಾರ್ಥಿಗಳು ಬರಬಹುದು. ಆದ್ದರಿಂದ ಕೊಳ್ಳುವವರು ಕೆನಾವನಿನ್ ಇಲ್ಲದ ತಟ್ಟೆಗಳನ್ನು ಬೇರೆಯಾಗಿ ಸಿದ್ಧಪಡಿಸಿಕೊಂಡು ಬದುಕುಳಿದವನ್ನೂ ಎಣಿಸಬೇಕು. ಥೈಮಿನ್ ಜೋಡಿಯ ಎದುರು ಸರಿಯಾಗಿ ಎರಡು ಅಡೆನಿನ್‌ಗಳನ್ನೇ ಕೂರಿಸುವ ಪಾಲಿಮರೇಸ್ ಈಟಾ ಎಂಬ ಇನ್ನೊಂದು ನಕಲು ಕಿಣ್ವ ಇಲ್ಲದ ರ‍್ಯಾಡ್30 ತಳಿಯನ್ನು ತಯಾರಕರು ಮುಂದಿನ ಆವೃತ್ತಿಯಲ್ಲಿ ಸೇರಿಸಿದರೆ, ಹಾನಿಯನ್ನು ತಪ್ಪಿಲ್ಲದೆ ದಾಟುವ ದಾರಿಯನ್ನೂ ಇದೇ ಪ್ರಯೋಗದಲ್ಲಿ ತೋರಿಸಬಹುದು.