ಲ್ಯಾಪ್‌ಟಾಪ್ ಸ್ಟ್ಯಾಂಡ್: ಎರಡು ವರ್ಷ ಬಳಸಿದ ನನ್ನ ಕತ್ತು ಹೇಳೋದು

ಈ ಅಲ್ಯೂಮಿನಿಯಂ ಸ್ಟ್ಯಾಂಡ್ ತಂದು ಎರಡು ವರ್ಷ ದಾಟಿತು. ತಂದಿದ್ದು ಚಂದಕ್ಕಲ್ಲ, ಕತ್ತು ನೋವಿಗೆ. ಸಂಜೆಯಾಗುವ ಹೊತ್ತಿಗೆ ಬಲಭುಜದಿಂದ ಕಿವಿಯ ಹಿಂದಿನವರೆಗೂ ಹಗ್ಗ ಬಿಗಿದ ಹಾಗೆ ಆಗುತ್ತಿತ್ತು. ಯಾರಾದರೂ ಹಿಂದಿನಿಂದ ಕರೆದರೆ ಕುರ್ಚಿ ಸಮೇತ ತಿರುಗುತ್ತಿದ್ದೆ.

ನಮ್ಮ ತಲೆ ಸುಮಾರು 5 ಕೆ.ಜಿ. ತೂಗುತ್ತದೆ. ನೆಟ್ಟಗಿದ್ದರೆ ಆ ಭಾರವನ್ನು ಬೆನ್ನುಮೂಳೆ ಹೊರುತ್ತದೆ. ಮುಂದಕ್ಕೆ ಬಾಗಿದರೆ ಕತ್ತಿನ ಹಿಂದಿನ ಸ್ನಾಯುಗಳು ದಿನವಿಡೀ ಎಳೆದು ಹಿಡಿಯಬೇಕು. ಲ್ಯಾಪ್‌ಟಾಪಿನ ತೊಂದರೆಯೇ ಇದು. ಕೈಗೆ ಸರಿಹೋದರೆ ಕಣ್ಣಿಗೆ ತಗ್ಗು, ಕಣ್ಣಿಗೆ ಸರಿಹೋದರೆ ಕೈಗೆ ಎತ್ತರ.

ಇದು ಹೊಳೆಯದೆ ಮೊದಲ ಮೂರು ವಾರ ದಡ್ಡತನ ಮಾಡಿದೆ. ಸ್ಟ್ಯಾಂಡ್ ಮೇಲಿಟ್ಟು, ಲ್ಯಾಪ್‌ಟಾಪಿನ ಕೀಬೋರ್ಡಿನಲ್ಲೇ ಟೈಪ್ ಮಾಡಿದೆ. ಭುಜ ಕಿವಿಯ ಹತ್ತಿರ ಬಂತು, ನೋವು ಜಾಸ್ತಿಯಾಯ್ತು. ಬೇರೆ ಕೀಬೋರ್ಡ್, ಮೌಸ್ ಇಲ್ಲದಿದ್ದರೆ ಈ ಸ್ಟ್ಯಾಂಡ್ ತಗೊಳ್ಳಲೇಬೇಡಿ. ಡಬ್ಬದ ಮೇಲೆ ಇದನ್ನು ಎಲ್ಲೂ ಬರೆದಿರಲಿಲ್ಲ. ಬರೆದರೆ ಯಾರು ಕೊಳ್ತಾರೆ, ಅಲ್ವಾ?

ಅವೆರಡೂ ಬಂದ ಮೇಲೆ ಸ್ಕ್ರೀನಿನ ಮೇಲಂಚನ್ನು ಕಣ್ಣಿನ ಮಟ್ಟಕ್ಕೆ ತಂದೆ, ಒಂದು ತೋಳಿನಷ್ಟು ದೂರ ಇಟ್ಟೆ. ಒಂದೂವರೆ ತಿಂಗಳಲ್ಲಿ ಹಗ್ಗ ಸಡಿಲವಾಯಿತು.

ನನ್ನನ್ನು ನೋಡಿ ಪಕ್ಕದ ಸೀಟಿನವರೂ ಇದನ್ನೇ ತಂದರು. ಅವರ ಕತ್ತು ಇನ್ನೂ ಕೆಟ್ಟಿತು! ಅವರದು ಪ್ರೋಗ್ರೆಸಿವ್ ಕನ್ನಡಕ. ಹತ್ತಿರದ್ದನ್ನು ಗಾಜಿನ ಕೆಳಭಾಗದಿಂದ ನೋಡಬೇಕು. ಸ್ಕ್ರೀನ್ ಮೇಲೇರಿದ್ದೇ ಗಲ್ಲ ಎತ್ತಿ, ಕತ್ತು ಹಿಂದಕ್ಕೆ ಮಡಚಿ ಓದುತ್ತಿದ್ದರು. ನಾಲ್ಕು ಬೆರಳಿನಷ್ಟು ತಗ್ಗಿಸಿದ ಮೇಲೆ ಸರಿಹೋದರು.

ಸ್ಟ್ಯಾಂಡಿನಿಂದ ಆಗದ ಕೆಲಸವೂ ಇದೆ. ಎಷ್ಟೇ ಸರಿಯಾಗಿ ಕೂತರೂ, ಎರಡು ಗಂಟೆ ಅಲುಗದೆ ಕೂತರೆ ಕತ್ತು ಹಿಡಿದುಕೊಳ್ಳುತ್ತದೆ. ಅದಕ್ಕೇ ಮೇಜಿನ ಮೇಲೆ ಬಾಟಲಿ ಬದಲು ಸಣ್ಣ ಲೋಟದಲ್ಲಿ ನೀರಿಡುತ್ತೇನೆ, ಖಾಲಿಯಾದಾಗಲೆಲ್ಲ ಏಳಲೇಬೇಕು. ಫೋನನ್ನು ಕಿವಿ-ಭುಜದ ನಡುವೆ ಸಿಕ್ಕಿಸಿಕೊಂಡು ಟೈಪ್ ಮಾಡುವ ಚಟವನ್ನೂ ಬಿಟ್ಟೆ. ಕೈ ಜೋಮು ಹಿಡಿಯುತ್ತಿದ್ದರೆ, ಬೆರಳಲ್ಲಿ ಶಕ್ತಿ ಕುಂದುತ್ತಿದ್ದರೆ ಸುಮ್ನೆ ಸ್ಟ್ಯಾಂಡ್ ಹುಡುಕುತ್ತಾ ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ.

ಇನ್ನು ವಸ್ತುವಿನ ಬಾಳಿಕೆ. ಲೋಹಕ್ಕೆ ಏನೂ ಆಗಿಲ್ಲ. ಹಿಂದಿನ ಎಡಗಡೆಯ ರಬ್ಬರ್ ಏಳನೇ ತಿಂಗಳಲ್ಲೇ ಉದುರಿತು, ಅಲ್ಲಿ ಕಾಗದ ಮಡಚಿ ಇಟ್ಟಿದ್ದೇನೆ. ದೊಡ್ಡ ದೂರು ಕೀಲಿನ ಬಗ್ಗೆ. ವರ್ಷ ಕಳೆದ ಮೇಲೆ ಹಳೇ ನೋವು ಮೆಲ್ಲಗೆ ಮರಳಿತು. ದಿಂಬು ಬದಲಾಯಿಸಿದೆ, ಕುರ್ಚಿಯನ್ನು ಬೈದೆ. ಕೊನೆಗೆ ಅಳೆದು ನೋಡಿದರೆ ಸ್ಕ್ರೀನ್ ಎರಡು ಬೆರಳು ಕೆಳಗಿಳಿದಿತ್ತು. ಸ್ಕ್ರೂ ಸಡಿಲವಾಗಿ ದಿನಾ ಕೂದಲೆಳೆಯಷ್ಟು ಕುಸಿದಿದ್ದು ಕಣ್ಣಿಗೆ ಗೊತ್ತೇ ಆಗಿರಲಿಲ್ಲ. ಈಗ ಗೋಡೆಯ ಮೇಲೆ ಪೆನ್ಸಿಲ್ ಗೆರೆ ಎಳೆದಿದ್ದೇನೆ. ಸ್ಕ್ರೀನ್ ಅದಕ್ಕಿಂತ ಕೆಳಗೆ ಬಂದ ದಿನ ಸ್ಕ್ರೂ ಬಿಗಿಯುತ್ತೇನೆ.

ಐದಕ್ಕೆ ಮೂರೂವರೆ ಸ್ಟಾರ್. ಒಂದು ಕಳೆದಿದ್ದು ಕೀಲಿಗೆ, ಅರ್ಧ ಆ ರಬ್ಬರಿಗೆ.