ಎಕ್ಸ್-ರೇ ತೆಗೀದೇನೇ ಎನಿಮಾ ಕೊಟ್ರು, ಮನೇಲಿ ವಯಸ್ಸಾದವರಿದ್ರೆ ದಯವಿಟ್ಟು ಓದಿ

ಬರೆಯೋಕೆ ಮುಜುಗರ ಆಗ್ತಿದೆ, ಆದ್ರೂ ಬರೀತೀನಿ, ಯಾಕಂದ್ರೆ ಈ ಮುಜುಗರಕ್ಕೇ ನಮ್ಮಪ್ಪ ಎರಡು ದಿನ ಬಾಯಿ ಬಿಡದೆ ನೋವು ತಿಂದ್ರು.

ಅಪ್ಪಂಗೆ 76. ನಾಲ್ಕೈದು ದಿನ ಮೋಷನ್ ಆಗಿರ್ಲಿಲ್ಲ, ಗಟ್ಟಿಯಾಗಿದ್ದನ್ನ ತಾವೇ ತೆಗೆಯೋಕೆ ಹೋಗಿ ಹಳೇ ಟೂತ್‌ಬ್ರಶ್ ಹಿಡಿಕೆ ಹಾಕಿದಾರೆ, ಇಡೀ ಬ್ರಶ್ಶೇ ಕೈಜಾರಿ ಪೂರ್ತಿ ಒಳಗೆ ಹೋಗ್ಬಿಟ್ಟಿದೆ. ನಂಗೆ ಹೇಳ್ಲೇ ಇಲ್ಲ. ಕುರ್ಚಿ ಅಂಚಲ್ಲಿ ಒಂದು ಕಡೆ ವಾಲ್ಕೊಂಡು ಕೂರ್ತಿದ್ರು, ಪೈಲ್ಸ್ ಇರ್ಬೇಕು ಅಂತ ಕ್ಲಿನಿಕ್‌ಗೆ ಕರ್ಕೊಂಡ್ ಹೋದೆ.

ಅಪ್ಪ ನನ್ನ ಹೊರಗೆ ಇರು ಅಂದ್ರು. ಒಳಗೆ ಡಾಕ್ಟರ್ ಹತ್ರ "ಏನೋ ಸಿಕ್ಕಾಕೊಂಡಿದೆ" ಅಂತ ಮೆಲ್ಲಗೆ ಹೇಳಿದಾರೆ. ಪಕ್ಕದಲ್ಲಿದ್ದ ಅಸಿಸ್ಟೆಂಟ್ ಕಿಸಕ್ ಅಂತ ನಕ್ಕನಂತೆ. ಅಷ್ಟೇ, ಅಪ್ಪ ಮುಂದೆ ಮಾತೇ ಆಡಿಲ್ಲ. "ಏನಿಲ್ಲ ಯಜಮಾನ್ರೇ, ಮಲ ಗಟ್ಟಿಯಾಗಿದೆ" ಅಂದು ಎನಿಮಾ (ಮಲ ಹೊರಗೆ ಬರ್ಲಿ ಅಂತ ಕೆಳಗಿಂದ ಒಳಗೆ ಬಿಡೋ ದ್ರವ) ಕೊಟ್ಟು, ಭೇದಿ ಮಾತ್ರೆ ಬರೆದು ಕಳ್ಸಿದ್ರು. ಒಂದು ಎಕ್ಸ್-ರೇ ಇಲ್ಲ, ಏನು ಸಿಕ್ಕಾಕೊಂಡಿದೆ ಅಂತ ಒಂದು ಪ್ರಶ್ನೆ ಇಲ್ಲ. ನಾನು ಅವ್ರಿಗೆ ಥ್ಯಾಂಕ್ಸ್ ಬೇರೆ ಹೇಳಿ ಬಂದೆ! ನೆನೆಸ್ಕೊಂಡ್ರೆ ಈಗ್ಲೂ ಮೈ ಉರಿಯುತ್ತೆ.

ರಾತ್ರಿ ರಕ್ತ ಬಂತು, ಹೊಟ್ಟೆ ಬಿಗೀತು. ಆಗ ಅಪ್ಪ ಅಳ್ತಾ ಹೇಳಿದ್ರು. ದೊಡ್ಡ ಆಸ್ಪತ್ರೆಗೆ ಓಡಿದ್ವಿ. ಎಕ್ಸ್-ರೇಲಿ ಪ್ಲಾಸ್ಟಿಕ್ ಸರಿಯಾಗಿ ಕಾಣ್ಲೇ ಇಲ್ಲ, ಬ್ರಶ್ಶಿನ ಕೂದಲು ಹಿಡಿದಿರೋ ಸಣ್ಣ ಸಣ್ಣ ಲೋಹದ ಚುಕ್ಕಿಗಳು ಮಾತ್ರ ಸಾಲಾಗಿ ಬೆಳ್ಳಗೆ ಕಾಣ್ತಿದ್ವು. ಸರ್ಜನ್ ಹಳೇ ಚೀಟಿ ನೋಡಿ "ಎನಿಮಾ ಕೊಟ್ರಾ? ಎಕ್ಸ್-ರೇ ಫಿಲ್ಮ್ ಎಲ್ಲಿ?" ಅಂದ್ರು. ನನ್ನತ್ರ ಉತ್ತರ ಇರ್ಲಿಲ್ಲ. ಒಳಗೆ ವಸ್ತು ಇರುವಾಗ ಎನಿಮಾ, ಭೇದಿ ಮಾತ್ರೆ ಕೊಟ್ರೆ ಅದು ಇನ್ನೂ ಮೇಲಕ್ಕೆ ಹೋಗ್ಬಹುದು, ಕರುಳಿಗೆ ತೂತೂ ಬೀಳ್ಬಹುದಂತೆ. ಸಿಟಿ ಸ್ಕ್ಯಾನ್ ಮಾಡಿದ್ರು, ಪುಣ್ಯಕ್ಕೆ ತೂತಾಗಿರ್ಲಿಲ್ಲ. ಬೆನ್ನಿಗೆ ಅನಸ್ತೇಶಿಯಾ ಕೊಟ್ಟು, ಹೊಟ್ಟೆ ಕೊಯ್ಯದೆ ಕೆಳಗಿಂದಾನೇ ತೆಗೆದ್ರು, ಆಮೇಲೆ ಸ್ಕೋಪ್ (ಕ್ಯಾಮೆರಾ ಇರೋ ಸಣ್ಣ ಕೊಳವೆ) ಹಾಕಿ ಒಳಗೆಲ್ಲ ನೋಡಿದ್ರು. ಒಳಪದರ ಹರಿದಿತ್ತು. ಅಪ್ಪ ಹಾರ್ಟ್‌ಗೆ ರಕ್ತ ತೆಳುವಾಗೋ ಮಾತ್ರೆ ತಗೋತಾರೆ, ಅದನ್ನೂ ಆ ಕ್ಲಿನಿಕ್‌ನವ್ರು ಕೇಳಿರ್ಲಿಲ್ಲ.

ಮಾರನೇ ದಿನ ಕ್ಲಿನಿಕ್‌ಗೆ ಫೋನ್ ಮಾಡಿದೆ. "ನಿಮ್ಮ ತಂದೆಯವ್ರು ಸರಿಯಾಗಿ ಹೇಳ್ಲಿಲ್ಲ ಸರ್." ಹೇಳಕ್ಕೆ ಬಿಟ್ರಾ ನೀವು? "ಎನಿಮಾ ರೂಟೀನ್ ಸರ್, ಈ ವಯಸ್ಸಲ್ಲಿ ಎಲ್ರಿಗೂ ಕೊಡ್ತೀವಿ." ನಕ್ಕಿದ್ದಕ್ಕೆ ಕೇಳಿದ್ರೆ "ಹಾಗೇನಿಲ್ಲ ಸರ್" ಅಂತ ಫೋನ್ ಇಟ್ರು. ಒಂದು "ಸಾರಿ" ಕೂಡ ಕೇಳ್ಲಿಲ್ಲ. ಒಂದು "ಸಾರಿ"!

ಏನಾದ್ರೂ ಸಿಕ್ಕಾಕೊಂಡಿದೆ ಅಂದ್ರೆ ಮನೇಲಿ ಕೈ ಹಾಕ್ಬೇಡಿ, ಎನಿಮಾ ಕೊಡ್ಬೇಡಿ, ಸೀದಾ ಸರ್ಜನ್ ಇರೋ ಆಸ್ಪತ್ರೆಗೆ ಹೋಗಿ. ಎಕ್ಸ್-ರೇ ಕೇಳಿ, ಪ್ಲಾಸ್ಟಿಕ್ ಆದ್ರೆ ಬಾಯ್ಬಿಟ್ಟು ಹೇಳಿ. ತಗೊಳ್ಳೋ ಮಾತ್ರೆ ಎಲ್ಲ ಜೊತೇಲಿ ಒಯ್ಯಿರಿ. ವಯಸ್ಸಾದವ್ರಿಗೆ ಒಳಗೆ ತೂತಾದ್ರೂ ಜ್ವರ, ನೋವು ಜೋರಾಗಿ ಕಾಣ್ದೇ ಇರ್ಬಹುದು, ಅದಕ್ಕೇ ಬೆಳಿಗ್ಗೆ ತನಕ ಕಾಯ್ಬೇಡಿ. ಪಕ್ಕದಲ್ಲಿ ಯಾರಾದ್ರೂ ನಕ್ರೆ ಅಲ್ಲೇ ಎದ್ದು ಬೇರೆ ಕಡೆ ಕರ್ಕೊಂಡ್ ಹೋಗಿ.